‘ಜ್ಯೋತಿ’: ಲಯವೇ ಆಧಾರವಾದ ಒಂದು ಧ್ವನಿಮುದ್ರಿಕೆ

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕೂಡಿ 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಮುದ್ರಿಸಿ, ಮ್ಯೂನಿಕ್‌ನ ಇಸಿಎಂ ಸಂಸ್ಥೆ ಹೊರತಂದ ‘ಜ್ಯೋತಿ’ಗೆ ಕನ್ನಡದ ಸಂಗೀತ ವಿಮರ್ಶೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಈ ಕಾಲೇಜಿಗೆ ಜರ್ಮನಿಯ ನಂಟು ಈ ಮುದ್ರಣಕ್ಕೂ ಮೊದಲೇ ಇತ್ತು. ರಾಕ್ ಹಾಡಿನ ಕಿರಿದಾದ ಚೌಕಟ್ಟನ್ನು ಮುರಿದು ದೀರ್ಘ ರಚನೆಗಳತ್ತ, ಬೆಸ ಎಣಿಕೆಯ ತಾಳಗಳತ್ತ ಹೊರಳಿದ ಪ್ರೋಗ್ರೆಸಿವ್ ರಾಕ್ ಪ್ರಕಾರಕ್ಕೆ ಹತ್ತಿರವಾದ ಮ್ಯೂನಿಕ್‌ನ ಎಂಬ್ರಿಯೊ ತಂಡವು 1970ರ ದಶಕದ ಕೊನೆಯಲ್ಲಿ ಭೂಮಾರ್ಗವಾಗಿ ಭಾರತಕ್ಕೆ ಬಂದು ಇದೇ ಕಾಲೇಜಿನ ಕಲಾವಿದರೊಡನೆ ನುಡಿಸಿತ್ತು.

ಆ ಬಗೆಯ ತಂಡಗಳಿಗೆ ಐದರ, ಏಳರ ಎಣಿಕೆ ಒಂದು ಸಾಹಸವಾಗಿದ್ದರೆ, ಮಣಿಯವರ ಬಳಗಕ್ಕೆ ಅದು ಆರಂಭದ ಪಾಠ. ತಕಿಟ ಎಂದರೆ ಮೂರು, ತಕದಿಮಿ ಎಂದರೆ ನಾಲ್ಕು. ಎರಡನ್ನೂ ಕೂಡಿಸಿ ಹೇಳಿದರೆ ಏಳರ ಮಿಶ್ರಗತಿ. ಹೀಗೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ವಿದ್ಯೆಗೆ ಕೊನಕ್ಕೋಲು ಎಂದು ಹೆಸರು. ಗೊಳಸಂಗಿಯಂಥ ವಿಜಯಪುರ ಸೀಮೆಯ ಊರುಗಳಲ್ಲಿ ತಬಲಾದ ಬೋಲುಗಳಿಗೆ ಒಗ್ಗಿದ ಕಿವಿಗೂ ಇದರ ತರ್ಕ ಬೇಗ ಹಿಡಿಸೀತು. ಘಟ ಮತ್ತು ಮೋರ್ಸಿಂಗ್ ನುಡಿಸಿದ ಆರ್.ಎ. ರಾಜಗೋಪಾಲ್, ಕಂಜೀರದ ಟಿ.ಎನ್. ಶಶಿಕುಮಾರ್ ಇಬ್ಬರೂ ಇಲ್ಲಿ ಕೊನಕ್ಕೋಲು ಹೇಳಿದ್ದಾರೆ.

ಮುದ್ರಿಕೆಯ ನಿಜವಾದ ಹಿರಿಮೆ ಇರುವುದು ಆರ್.ಎ. ರಮಾಮಣಿಯವರ ಕಂಠದಲ್ಲಿ. ಅವರ ಏಕಕಂಠದ ಗಾಯನದಿಂದಲೇ ಮೊದಲ ರಚನೆ ತೊಡಗುವುದರಿಂದ, ಮನೆ ಯಾರದು, ಅತಿಥಿ ಯಾರು ಎಂಬುದು ಆಗಲೇ ಸ್ಪಷ್ಟವಾಗುತ್ತದೆ. ನಾಗಸ್ವರವನ್ನೂ ಕಲಿತಿದ್ದ ಮರಿಯಾನೋ ಆ ಅತಿಥಿಯ ಮರ್ಯಾದೆಯನ್ನು ಕೊನೆಯವರೆಗೂ ಕಾಯ್ದುಕೊಳ್ಳುತ್ತಾರೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಗಮಕಕ್ಕೆ ಒಗ್ಗಿಸಿ ಕಚೇರಿಯ ವಾದ್ಯವಾಗಿಸಿದರು. ಮರಿಯಾನೋ ಜಾಝ್‌ನ ಉಸಿರನ್ನು ಬಿಡದೆ ರಾಗದ ಅಂಚಿನಲ್ಲಿ ನಿಂತು ನುಡಿಸುತ್ತಾರೆ, ಆ ದೂರವೇ ಕೃತಿಗೆ ಘನತೆ ತಂದಿದೆ.

ಕೊರತೆ ಇರುವುದು ಮುದ್ರಣದ ರೀತಿಯಲ್ಲಿ. ಇಸಿಎಂನ ಮ್ಯಾನ್‌ಫ್ರೆಡ್ ಐಶರ್ ನಿರ್ಮಾಣದ ಮುದ್ರಿಕೆಗಳಿಗೆ ಸಹಜವಾದ ಆ ವಿಶಾಲ ಅನುರಣನವು ಕಂಠಕ್ಕೂ ಕೊಳಲಿಗೂ ಒಪ್ಪುತ್ತದೆ, ಆದರೆ ಘಟದ ಮಣ್ಣಿನ ಗಡಸು ಪೆಟ್ಟನ್ನು ಮೆದುವಾಗಿಸಿಬಿಡುತ್ತದೆ. ಅದಲ್ಲದೆ, ಕಚೇರಿಯಲ್ಲಿ ಲಯವಾದ್ಯಗಳಷ್ಟೇ ಪರಸ್ಪರ ಸವಾಲು ಹಾಕುತ್ತ ಬೆಳೆಸುವ ತನಿ ಆವರ್ತನಕ್ಕೆ ಬೇಕಾದ ಅವಕಾಶ, ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷಗಳ ಎಲ್‌ಪಿ ತಟ್ಟೆಯಲ್ಲಿ ಈ ಬಳಗಕ್ಕೆ ದಕ್ಕಲಿಲ್ಲ.