ಮೂರು ಸಲ ಹೇಳಿದ ಮೇಲೂ

ಎರಡು ತನಿಖಾ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ ನೋಡಿ. ಒಂದು 2010ರ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ ಆದ ದುರಂತದ್ದು. 158 ಜನ ಸತ್ತರು, ಎಂಟು ಜನ ಉಳಿದರು. ಇನ್ನೊಂದು 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಆದದ್ದು. 21 ಜನ ಸತ್ತರು. ಎರಡೂ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737, ಎರಡೂ ದುಬೈನಿಂದ ಬಂದವು, ಎರಡೂ ಇಳಿದದ್ದು ಗುಡ್ಡದ ನೆತ್ತಿಯ ಮೇಲಿನ ರನ್‌ವೇಗೆ. ಕಾರಣ ಬರೆದಿರುವ ಜಾಗದಲ್ಲಿ ಎರಡೂ ವರದಿಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ: ವಿಮಾನ ಇಳಿಯುತ್ತಿದ್ದ ರೀತಿ ಸರಿಯಿರಲಿಲ್ಲ, ಪಕ್ಕದ ಪೈಲಟ್ ‘ಗೋ ಅರೌಂಡ್’ ಅಂದರು, ಕ್ಯಾಪ್ಟನ್ ಕೇಳಲಿಲ್ಲ, ಪಕ್ಕದವರು ಕಂಟ್ರೋಲನ್ನು ತಮ್ಮ ಕೈಗೆ ತಗೊಳ್ಳಲಿಲ್ಲ.

ಗೋ ಅರೌಂಡ್ ಅಂದ್ರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿಕೊಂಡು ಬರುವುದು. ಅಷ್ಟೇ. ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ ತಡ, ಒಂದಿಷ್ಟು ಇಂಧನ ಖರ್ಚು.

ಎರಡು ದುರಂತಗಳ ನಡುವೆ ಹತ್ತು ವರ್ಷ ಇತ್ತು. ಆ ಹತ್ತು ವರ್ಷವೂ ನಮ್ಮ ವಿಮಾನ ಕಂಪನಿಗಳ ಪೈಲಟ್‌ಗಳು ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಕೂತು ಪರೀಕ್ಷೆ ಕೊಟ್ಟಿದ್ದಾರೆ, ಪಾಸೂ ಆಗಿದ್ದಾರೆ. ಹಾಗಿದ್ದೂ ಅದೇ ವಾಕ್ಯ ಇನ್ನೊಂದು ವರದಿಗೆ ಬಂತಲ್ಲ, ಹೇಗೆ?

ಇನ್‌ಸ್ಟ್ರುಮೆಂಟ್ ರೇಟಿಂಗ್ ಅಂತ ಒಂದು ಅರ್ಹತೆ ಇದೆ. ಮೋಡದೊಳಗೆ ಹೊಕ್ಕಾಗ ಹೊರಗೆ ಏನೂ ಕಾಣುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗವೇ ಸುಳ್ಳು ಹೇಳಲು ಶುರು ಮಾಡುತ್ತದೆ. ವಾಲಿದ ವಿಮಾನ ನೆಟ್ಟಗಿದೆ ಅನ್ನಿಸುತ್ತದೆ. ಆಗ ಮೈ ಹೇಳಿದ್ದನ್ನು ಬಿಟ್ಟು ಮೀಟರ್ ಹೇಳಿದ್ದನ್ನು ನಂಬಬೇಕು. ಈ ರೇಟಿಂಗ್ ಇದ್ದವರಿಗೆ ಮಾತ್ರ ಹಾಗೆ ಹಾರಲು ಅನುಮತಿ. ನಿಮ್ಮ ಅನಿಸಿಕೆಗಿಂತ ಮೀಟರ್ ದೊಡ್ಡದು ಎನ್ನುವುದೇ ಈ ವಿದ್ಯೆಯ ತಿರುಳು.

ಮಂಗಳೂರಿನ ಬೆಳಗ್ಗೆ ಮೀಟರುಗಳೆಲ್ಲ ಸರಿಯಾಗಿದ್ದವು. ವಿಮಾನದಲ್ಲೂ ದೋಷ ಇರಲಿಲ್ಲ. ಮಂಗಳೂರಿನ ರೇಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ತಡವಾಗಿ, ಹಾಗಾಗಿ ಇರಬೇಕಾದ ಎತ್ತರಕ್ಕಿಂತ ವಿಮಾನ ಬಹಳ ಮೇಲಿತ್ತು. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಮೀರಿದ ಅನುಭವ. ದಾರಿಯಲ್ಲಿ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿ ಎದ್ದಿದ್ದರು. ನೆಲ ಹತ್ತಿರವಾಗುತ್ತಿದೆ, ಇಳಿಯುವ ವೇಗ ಜಾಸ್ತಿ ಇದೆ ಎಂದು ಎಚ್ಚರಿಸುವ ಯಂತ್ರ ಮತ್ತೆಮತ್ತೆ ಕೂಗಿತು. ಸಹ ಪೈಲಟ್ ಮೂರು ಸಲ ಗೋ ಅರೌಂಡ್ ಅಂದರು. 8,033 ಅಡಿಯ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ.

ಅಂದರೆ ಆ ಕಾಕ್‌ಪಿಟ್‌ನಲ್ಲಿ ಮಾಹಿತಿಯ ಕೊರತೆ ಇರಲಿಲ್ಲ. ಒಬ್ಬರಿಗಂತೂ ಪೂರ್ತಿ ಗೊತ್ತಿತ್ತು, ಬಾಯಿಬಿಟ್ಟು ಹೇಳಿದ್ದರು ಕೂಡ. ಆದರೆ ಕೈ ಚಾಚಲಿಲ್ಲ. ಸಹ ಪೈಲಟ್ ತಾನಾಗಿ ಗೋ ಅರೌಂಡ್ ಶುರು ಮಾಡಬಹುದೇ ಎಂಬ ಬಗ್ಗೆ ನಿಯಮಗಳಲ್ಲೇ ಗೊಂದಲ ಇತ್ತು, ಬಹುಶಃ ಅದಕ್ಕೇ ಹೀಗಾಯ್ತು ಎನ್ನುತ್ತದೆ ವರದಿ. ಗೊಂದಲ ನಿಯಮದ ಪುಸ್ತಕದಲ್ಲಿ ಮಾತ್ರ ಇತ್ತೇ ಅನ್ನೋದು ನನ್ನ ಪ್ರಶ್ನೆ. ಕೋಯಿಕ್ಕೋಡ್ ವರದಿಯ ಪ್ರಕಾರ ಅಲ್ಲಿ ಗೋ ಅರೌಂಡ್ ಕಡ್ಡಾಯವೇ ಆಗಿತ್ತು. ಆಗಲೂ ಕೈ ಚಾಚಲಿಲ್ಲ.

ಈಗ ಸಿಮ್ಯುಲೇಟರ್‌ಗೆ ಬನ್ನಿ. ಹಳೆ ಪದ್ಧತಿಯ ಪರೀಕ್ಷೆಯಲ್ಲಿ ಏನೇನು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಟೇಕಾಫ್ ಹೊತ್ತಿಗೆ ಒಂದು ಎಂಜಿನ್ ಕೆಡುತ್ತದೆ, ಒಂದೇ ಎಂಜಿನ್ನಲ್ಲಿ ಇಳಿಯಬೇಕು, ಒಂದು ಗೋ ಅರೌಂಡ್ ಮಾಡಬೇಕು. ನಮ್ಮ ಸೋಲೂರು, ಮಾಗಡಿ ಕಡೆ ಊರುಗಳಲ್ಲಿ ಆಡುವ ಕುರುಕ್ಷೇತ್ರ ನಾಟಕ ನೋಡಿದವರಿಗೆ ಇದು ಚೆನ್ನಾಗಿ ಅರ್ಥ ಆಗ್ತದೆ. ಭೀಮ ಗದೆ ಎತ್ತುವುದು ಯಾವ ಪದ್ಯದ ಮೇಲೆ ಎಂದು ದುರ್ಯೋಧನನಿಗೆ ಮೊದಲೇ ಗೊತ್ತು. ಮಾತು ಮರೆತರೆ ಎತ್ತಿಕೊಡಲು ಹಾರ್ಮೋನಿಯಂ ಮುಂದೆ ಮೇಷ್ಟ್ರು ಇದ್ದಾರೆ. ಸಿಮ್ಯುಲೇಟರ್‌ನಲ್ಲಿ ಹಿಂದಿನ ಸೀಟಿನಲ್ಲಿ ಇನ್‌ಸ್ಟ್ರಕ್ಟರ್ ಇರ್ತಾರೆ.

ಇದು ನಿರುಪಯೋಗಿ ಅಂತ ನಾನು ಹೇಳ್ತಿಲ್ಲ. ಎಂಜಿನ್ ಕೆಟ್ಟಾಗ ಕಾಲು ಯಾವ ಪೆಡಲ್ ಒತ್ತಬೇಕು ಎನ್ನುವುದು ಯೋಚಿಸಿ ಮಾಡುವ ಕೆಲಸವಲ್ಲ. ಅದು ಮೈಗೆ ಹತ್ತಬೇಕು, ಮೈಗೆ ಹತ್ತಲು ನೂರು ಸಲ ಮಾಡಬೇಕು. ಆದರೆ ಗೊತ್ತಿರುವುದನ್ನು ಚೆನ್ನಾಗಿ ಮಾಡುವುದಕ್ಕೂ ಗೊತ್ತಿಲ್ಲದ್ದು ಎದುರಾದಾಗ ಗುರುತಿಸುವುದಕ್ಕೂ ವ್ಯತ್ಯಾಸವಿದೆ. ನಾಸಾದ ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರು ಬೋಯಿಂಗ್ 747-400 ಹಾರಿಸುವ 18 ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ ಇದನ್ನೇ ನೋಡಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ತರಬೇತಿಯಲ್ಲಿ ಬರುವ ಕ್ರಮದಲ್ಲೇ ತೊಂದರೆ ಕೊಟ್ಟಾಗ ಎಲ್ಲರೂ ನೀಟಾಗಿ ನಿಭಾಯಿಸಿದರು. ಅದೇ ತೊಂದರೆಯನ್ನು ಹೇಳದೆ ಕೇಳದೆ ಕೊಟ್ಟಾಗ ತಡವರಿಸಿದರು, ಒಬ್ಬೊಬ್ಬರು ಒಂದೊಂದು ಥರ.

ಇದಕ್ಕೆ ಮದ್ದು ಎಂದು ಬಂದದ್ದೇ ಸನ್ನಿವೇಶ ಆಧಾರಿತ ತರಬೇತಿ. ಒಂದೊಂದೇ ಕಸರತ್ತಿನ ಬದಲು ಇಡೀ ಪ್ರಯಾಣವನ್ನೇ ಆಡಿಸುವುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲಿ ತಂದ ಕೈಪಿಡಿಯೂ ಈ ದಾರಿಯನ್ನೇ ಹೇಳುತ್ತದೆ: ಮೊದಲು ಅಳೆಯಿರಿ, ಆಮೇಲೆ ಕೈಚಳಕ ತಿದ್ದಿ, ಆಮೇಲೆ ಸನ್ನಿವೇಶ ಕೊಟ್ಟು ಕಲಿಸಿ. ದಾರಿ ಒಳ್ಳೆಯದೇ. ನನ್ನ ತಕರಾರು ಸನ್ನಿವೇಶ ಬರೆಯುವವರ ಕಲ್ಪನೆಯ ಬಗ್ಗೆ.

ಸನ್ನಿವೇಶ ಅಂದ ತಕ್ಷಣ ಎಲ್ಲರ ತಲೆಗೆ ಬರುವುದು ಕೆಟ್ಟ ಹವಾಮಾನ, ಕೆಟ್ಟ ಯಂತ್ರ. ಮಿಂಚು, ಹೊಗೆ, ಹೈಡ್ರಾಲಿಕ್ ಸೋರಿಕೆ. ಕೆಟ್ಟ ತೀರ್ಮಾನ ಮಾಡುವ ಮನುಷ್ಯ ಬರುವುದು ಕಡಿಮೆ. ಕ್ಯಾಪ್ಟನ್ ಸದ್ದಿಲ್ಲದೆ ಪ್ರಜ್ಞೆ ತಪ್ಪಿದರೆ ಏನು ಮಾಡಬೇಕು ಎಂಬ ಅಭ್ಯಾಸ ಇದೆ. ಎರಡು ಸಲ ಕೂಗಿ, ಉತ್ತರ ಬರದಿದ್ದರೆ ಕಂಟ್ರೋಲ್ ತಗೊಳ್ಳಿ ಅಂತ. ಆದರೆ ಪ್ರಜ್ಞೆ ತಪ್ಪಿದವರ ಕೈಯಿಂದ ತಗೊಳ್ಳೋದು ಸುಲಭ, ಅವರು ಬೇಡ ಅನ್ನೋದಿಲ್ಲ. ಮಂಗಳೂರಿನಲ್ಲಿ ಕ್ಯಾಪ್ಟನ್ ಎಚ್ಚರವಾಗಿದ್ದರು, ಹಾರಿಸುತ್ತಿದ್ದರು, ತಪ್ಪಾಗಿ ಹಾರಿಸುತ್ತಿದ್ದರು. ಎಚ್ಚರವಾಗಿರುವ, ತನಗಿಂತ ಮೂರು ಪಟ್ಟು ಅನುಭವ ಇರುವ, ‘ನನಗೆ ಗೊತ್ತಿದೆ’ ಎಂಬಂತೆ ಕೂತಿರುವ ಹಿರಿಯರ ಕೈಯಿಂದ ಕಿತ್ತುಕೊಳ್ಳುವುದನ್ನು ಯಾರು ಕಲಿಸಬೇಕು?

ಇನ್ನೊಂದು ಲೆಕ್ಕ ಇದೆ. ಸರಿಯಿಲ್ಲದ ರೀತಿಯಲ್ಲಿ ಇಳಿಯಲು ಬರುವ ವಿಮಾನಗಳಲ್ಲಿ ಗೋ ಅರೌಂಡ್ ಮಾಡುವವು ನೂರಕ್ಕೆ ಸುಮಾರು ಮೂರು ಮಾತ್ರ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್ ಹೇಳುತ್ತದೆ. ಮಿಕ್ಕ 97ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸುರಕ್ಷಿತವಾಗೇ ಇಳಿಯುತ್ತವೆ. ಅಪಾಯ ಇರೋದೇ ಅಲ್ಲಿ. ಪ್ರತಿ ಸಲ ಬಚಾವಾದಾಗಲೂ ಕ್ಯಾಪ್ಟನ್‌ಗೆ ಧೈರ್ಯ ಬಲಿಯುತ್ತದೆ, ಪಕ್ಕದವರಿಗೆ ‘ಸುಮ್ನೆ ಹೇಳಿದೆ’ ಅನ್ನುವ ಸಂಕೋಚ ಬಲಿಯುತ್ತದೆ. ನಿಜವಾದ ತರಬೇತಿ ನಡೆಯುತ್ತಿರುವುದು ದಿನನಿತ್ಯದ ಹಾರಾಟದಲ್ಲಿ, ಅದೂ ತಪ್ಪು ಪಾಠದ ತರಬೇತಿ. ಆರು ತಿಂಗಳಿಗೊಮ್ಮೆ ಬರುವ ಸಿಮ್ಯುಲೇಟರ್ ಅದನ್ನು ಅಳಿಸಬೇಕು.

ಅದಕ್ಕೆ ನಾಟಕ ಸಾಲದು, ತಾಳಮದ್ದಳೆ ಬೇಕು. ಕರಾವಳಿಯ ತಾಳಮದ್ದಳೆಯಲ್ಲಿ ಪ್ರಸಂಗ ಗೊತ್ತಿರುತ್ತದೆ, ಎದುರಿನ ಅರ್ಥಧಾರಿ ಮುಂದಿನ ಮಾತು ಏನು ಆಡ್ತಾರೆ ಅನ್ನೋದು ಗೊತ್ತಿರಲ್ಲ. ಎದುರು ಕೂತವರು ಎಷ್ಟೇ ಹಿರಿಯರಿರಲಿ, ಪಾತ್ರ ವಹಿಸಿದ ಮೇಲೆ ಅವರ ವಾದ ಮುರಿಯಲೇಬೇಕು. ಸಿಮ್ಯುಲೇಟರ್‌ನಲ್ಲೂ ಹಾಗೇ ಮಾಡಬಹುದು. ಕ್ಯಾಪ್ಟನ್‌ಗೆ ಗುಟ್ಟಾಗಿ ಹೇಳಿ: ಇವತ್ತು ನೀವು ಮಾತು ಕೇಳಬೇಡಿ. ಸಹ ಪೈಲಟ್ ಎಷ್ಟು ಹೊತ್ತಿಗೆ ಕೈ ಚಾಚುತ್ತಾರೆ ನೋಡಿ. ಆಮೇಲೆ ಪಾತ್ರ ಬದಲಿಸಿ, ಕ್ಯಾಪ್ಟನ್‌ಗೆ ಬಿಟ್ಟುಕೊಡುವುದನ್ನು ಕಲಿಸಿ. ಬಿಟ್ಟುಕೊಡುವುದಕ್ಕೂ ಅಭ್ಯಾಸ ಬೇಕು. ಇದಕ್ಕೆ ಅಂಕ ಹಾಕಬೇಡಿ. ಅಂಕ ಹಾಕುವವರೂ ಅದೇ ಕಂಪನಿಯ ಹಿರಿಯ ಕ್ಯಾಪ್ಟನ್ ಆಗಿರುವಾಗ ಕಿರಿಯರು ಕಲಿಯುವುದು ಹೇಗೆ ನಟಿಸಬೇಕು ಎಂಬುದನ್ನು ಮಾತ್ರ.

ಸಿಮ್ಯುಲೇಟರ್‌ಗೂ ಮಿತಿ ಇದೆ. ನಿದ್ದೆಯಿಂದ ಎದ್ದ ಮಂಪರನ್ನು ಅದು ತರಲಾರದು, ಸಾವಿನ ಭಯವನ್ನೂ ತರಲಾರದು. ಆದರೆ ಸಂಕೋಚವನ್ನು ತರಬಲ್ಲದು. ಹಿರಿಯರ ಪಕ್ಕ ಕೂತಾಗ ಆಗುವ ಸಂಕೋಚ ಯಂತ್ರ ನಕಲಿ ಅಂತ ಕಮ್ಮಿಯಾಗೋದಿಲ್ಲ. ಹಾಗಾಗಿ ಸಿಮ್ಯುಲೇಟರ್ ಅತ್ಯಂತ ನಿಜವಾಗಿ ತೋರಿಸಬಲ್ಲದ್ದು ಇದನ್ನೇ, ನಾವು ಅದರಿಂದ ಕಡಿಮೆ ಮಾಡಿಸುತ್ತಿರುವುದೂ ಇದನ್ನೇ.

ನಮ್ಮ ಐಟಿ ಆಫೀಸುಗಳಲ್ಲೂ ಮಾಕ್ ಡ್ರಿಲ್ ನಡೀತದೆ. ಸರ್ವರ್ ಬೀಳಿಸ್ತೀವಿ, ಡೇಟಾಬೇಸ್ ಎಳೆದು ಹಾಕ್ತೀವಿ. ರಾತ್ರಿ ಎರಡು ಗಂಟೆಗೆ ಮ್ಯಾನೇಜರು ‘ಹಿಂದೆ ತಗೊಳ್ಳೋದು ಬೇಡ, ಇಲ್ಲೇ ಸರಿ ಮಾಡೋಣ’ ಅಂತ ಹಟ ಹಿಡಿದಾಗ ಎರಡು ವರ್ಷದ ಅನುಭವದ ಹುಡುಗಿ ರೋಲ್‌ಬ್ಯಾಕ್ ಬಟನ್ ಒತ್ತಬಹುದೇ ಎಂಬ ಡ್ರಿಲ್ ಮಾತ್ರ ಮಾಡಿಲ್ಲ. ನಮ್ಮಲ್ಲಿ ಹೋಗೋದು ದುಡ್ಡು. ಅಲ್ಲಿ ಹೋಗೋದು ಜೀವ.

ಸೋಲೂರು ದಾಟಿಕೊಂಡು ಮಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದವರಲ್ಲಿ ಎಷ್ಟೋ ಜನ ಈಗ ಒಂದು ಗಂಟೆಯ ವಿಮಾನ ಹತ್ತುತ್ತಾರೆ, ಅದೇ ಬಜಪೆಯಲ್ಲಿ ಇಳಿಯುತ್ತಾರೆ. ಇಳಿಯುವ ಹೊತ್ತಿಗೆ ವಿಮಾನ ಇದ್ದಕ್ಕಿದ್ದಂತೆ ಮೇಲೆದ್ದರೆ ಗೊಣಗಬೇಡಿ. ಮುಂದೆ ಕೂತ ಇಬ್ಬರಲ್ಲಿ ಒಬ್ಬರು ಹೇಳಿದ್ದಾರೆ, ಇನ್ನೊಬ್ಬರು ಕೇಳಿದ್ದಾರೆ.