ಜೀರ್ಣೋದ್ಧಾರವೂ ಸೂತ್ರಗ್ರಾಹಿಯ ಹೊಣೆಯೂ

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯವು ಚರಿತ್ರಾಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಬೆಂಗಳೂರ ಕಾಳಗವನ್ನು ಹೇಳುವ, ಸುಮಾರು ಕ್ರಿ.ಶ. 890ರ ಶಿಲಾಲೇಖವು ಇಲ್ಲಿಯೇ ದೊರೆತು ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದಿತು. ಇಂಥ ಪ್ರಾಚೀನಸ್ಥಳದಲ್ಲಿ ಈಚೆಗೆ ನೂತನ ಗೋಪುರಗಳು ಎದ್ದಿವೆ. ಭಕ್ತರ ಶ್ರದ್ಧೆಯು ನಿಂದ್ಯವಲ್ಲ. ಪೂಜೆ ನಡೆಯುವ ಗುಡಿಗೆ ದುರಸ್ತಿಯೂ ಬೇಕು. ವಿಚಾರಣೀಯವಾದುದು ಬೇರೆ. ಇಂಥೆಡೆ ಕೆಲಸಕ್ಕೆ ಕೈಹಾಕುವ ಮುನ್ನ ಇದ್ದುದನ್ನು ಇದ್ದಂತೆ ಅಳೆದು ಬರೆದಿಡುವ ಭಾರ ಯಾರದು?

ಶಾಸನಗಳು ಅಚ್ಚಾಗಿವೆಯಷ್ಟೆ ಎಂಬ ಸಮಾಧಾನವು ಸಾಲದು. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಶಾಸನಪಾಠವುಂಟು, ಕಲ್ಲಿದ್ದ ಎಡೆಯ ಸೂಚನೆಯುಂಟು. ಗುಡಿಗಳ ತಲವಿನ್ಯಾಸವನ್ನು ಕೊಡುವುದು ಆ ಗ್ರಂಥದ ಉದ್ದೇಶವಲ್ಲ. ತುಂಬೆಪಾಡಿಯ ಯುದ್ಧದಲ್ಲಿ ಮಡಿದ ನಾಗತ್ತರನ ಬೇಗೂರಿನ ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಅದರ ಅಕ್ಷರಗಳನ್ನು ಅಲ್ಲಿಯೂ ಓದಬಹುದು; ಆ ಕಲ್ಲಿಗೂ ಅದು ನಿಂತ ನೆಲಕ್ಕೂ ಇದ್ದ ಸಂಬಂಧವನ್ನು ಓದಲಾಗದು. ಕಟ್ಟಡದ ಕಲ್ಲಿಗಾದರೋ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುವುದು. ನಾಗೇಶ್ವರ ಗುಡಿಯ ಮಂಟಪದ ಮೇಲ್ಛಾವಣಿಯಲ್ಲಿ ಉಮಾಮಹೇಶ್ವರರ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಅಂಥ ಫಲಕಗಳನ್ನು ಗುರುತು ಹಾಕದೆ ಇಳಿಸಿ, ಕಂಡಂತೆ ಕೂಡಿಸಿದರೆ ಯಮನು ಉತ್ತರವನ್ನು ಆಳಬೇಕಾದೀತು! ನೆಲಹಾಸನ್ನು ಎತ್ತಿದಾಗ ಕಾಣುವ ತಳಪಾಯವಂತೂ ಒಂದೆರಡು ದಿನ ಮಾತ್ರ ಕಣ್ಣಿಗೆ ಬೀಳುವುದು. ಅಂದು ಬರೆಯದಿದ್ದುದನ್ನು ಮುಂದೆ ಯಾವ ಪಂಡಿತನೂ ಊಹೆಯಿಂದ ತುಂಬಲಾರನು.

ಈ ಧರ್ಮವು ಹೊರನಾಡಿನಿಂದ ಬಂದುದೆಂದು ತಿಳಿಯಬೇಕಾಗಿಲ್ಲ. ಮಯಮತವು ಜೀರ್ಣವಾಸ್ತುವಿನ ಅನುಕರ್ಮಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಶಿಲ್ಪಶಾಸ್ತ್ರವು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿಯರೆಂದು ನಾಲ್ವರನ್ನು ಎಣಿಸಿ, ಮಾನಸೂತ್ರವನ್ನು ಎರಡನೆಯವನ ಕೈಗೆ ಕೊಟ್ಟಿದೆ. ಕಟ್ಟುವಾಗ ಅಳೆಯುವವನು ಬಿಚ್ಚುವಾಗ ಅಳೆಯಬಾರದೆ? ವೆನಿಸ್ಸಿನಲ್ಲಿ 1964ರಲ್ಲಿ ಸೇರಿದ ತಜ್ಞರು ಕೆಲಸದ ಪ್ರತಿ ಹಂತಕ್ಕೂ ನಕ್ಷೆ, ಛಾಯಾಚಿತ್ರಗಳೊಡನೆ ದಾಖಲೆ ಬೇಕೆಂದೂ ಅದು ಸಾರ್ವಜನಿಕ ಸಂಸ್ಥೆಯಲ್ಲಿರಬೇಕೆಂದೂ ವಿಧಿಸಿದುದು ಇದಕ್ಕೆ ಪೋಷಕವೇ ಹೊರತು ನೂತನವಲ್ಲ.

ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ರಕ್ಷಣೆಯು ಸಂರಕ್ಷಿತವೆಂದು ಘೋಷಿತವಾದವುಗಳಿಗೆ ಸಲ್ಲುವುದು. ವೈಟ್‌ಫೀಲ್ಡ್, ಪೀಣ್ಯಗಳ ಸುತ್ತಣ ಹಳೆಯ ಊರುಗಳಲ್ಲಿ ಘೋಷಣೆಯಿಲ್ಲದ ಗುಡಿಗೆ ದಿಕ್ಕೆಂದರೆ ಕೆಲಸ ವಹಿಸಿಕೊಂಡವನ ಮನಸ್ಸಾಕ್ಷಿಯೊಂದೇ. ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಪ್ರಾಂತದ ಶಾಸನಗಳ ಮೂರು ಆಯಾಮದ ಅಂಕೀಯ ಪ್ರತಿಗಳನ್ನು ಸಿದ್ಧಪಡಿಸುತ್ತಿರುವುದು ಶ್ಲಾಘ್ಯ. ಆದರೆ ಗುಡಿಯನ್ನು ಬಿಚ್ಚುವವನ ಹೊಣೆಯು ಅದರಿಂದ ತೀರದು. ಅಂದಾಜುಪಟ್ಟಿಯಲ್ಲಿ ಸಿಮೆಂಟಿಗೂ ಬಣ್ಣಕ್ಕೂ ಇರುವಂತೆ ಅಳತೆಯ ನಕ್ಷೆಗೂ ಒಂದು ಬಾಬ್ತು ಇರತಕ್ಕದ್ದು. ರುಜು ಹಾಕುವ ಇಂಜಿನಿಯರನೋ ಸ್ಥಪತಿಯೋ ಅದರ ಒಂದು ಪ್ರತಿಯನ್ನು ದೇವಸ್ಥಾನಕ್ಕೂ ಇನ್ನೊಂದನ್ನು ಪುರಾತತ್ತ್ವ ಇಲಾಖೆಗೂ ಒಪ್ಪಿಸಿದ ಮೇಲೆಯೇ ಕೊನೆಯ ಬಿಲ್ಲು ಪಾಸಾಗತಕ್ಕದ್ದು.