ಪೀಣ್ಯದ ಚಿತ್ರಪಟ: ಒಂದು ಔಚಿತ್ಯವಿಚಾರ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇಂಜಿನಿಯರಿಂಗ್ ವಿದ್ವಾಂಸರು ಒಂದು ಗ್ರಂಥವಿಮರ್ಶೆಯನ್ನು ಬರೆದು ಪ್ರಕಟಿಸಿದರು. ಅವರು ಕೈಗೆತ್ತಿಕೊಂಡದ್ದು ಭರದ್ವಾಜ ಮಹರ್ಷಿಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿದ್ದ 'ವೈಮಾನಿಕ ಶಾಸ್ತ್ರ'ವನ್ನು. ಆ ಗ್ರಂಥದ ಭಾಷೆ ಪ್ರಾಚೀನವಾದುದಲ್ಲವೆಂದೂ, ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ಅವರು ನಿರ್ಣಯಿಸಿದರು. ಯಂತ್ರವನ್ನು ಬಲ್ಲವರು ಭಾಷೆ ಮತ್ತು ಕಾಲನಿರ್ಣಯಗಳ ಚರ್ಚೆಗೆ ಇಳಿದ ಆ ಪ್ರಸಂಗ ನಮ್ಮಂಥವರಿಗೆ ಒಂದು ಪಾಠ. ಮನಸ್ಸಿಗೆ ಹಿತವಾದುದನ್ನು ನಂಬುವ ಮೊದಲು ಓದಿ ಪರೀಕ್ಷಿಸಬೇಕು ಎಂಬುದೇ ಆ ಪಾಠ. ಅವರು ನಮ್ಮ ಹೊಲಕ್ಕೆ ಬಂದು ಮಾಡಿದ ಈ ಉಪಕಾರಕ್ಕೆ ಪ್ರತಿಯಾಗಿ, ಸಾಹಿತ್ಯವಿಭಾಗದವರಾದ ನಾವು ಅವರ ಹೊಲದ ಒಂದು ಚಿತ್ರವನ್ನು ಓದಲು ಯತ್ನಿಸಿದರೆ ಅಪಚಾರವಾಗಲಾರದು.

ಆ ಚಿತ್ರ ವಾಚಕರಿಗೆ ಅಪರಿಚಿತವಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆಯು ಮಂಗಳಗ್ರಹದ ಕಕ್ಷೆಯನ್ನು ಸೇರಿತು. ಯಶವಂತಪುರಕ್ಕೆ ಸಮೀಪದ ಪೀಣ್ಯದಲ್ಲಿರುವ ಇಸ್ರೋ ಸಂಸ್ಥೆಯ ನಿಯಂತ್ರಣ ಕೇಂದ್ರದಲ್ಲಿ ಅಂದು ತೆಗೆದ ಛಾಯಾಚಿತ್ರವೊಂದು ಲೋಕವನ್ನೆಲ್ಲ ಸುತ್ತಿ ಬಂದಿತು. ರೇಷ್ಮೆಸೀರೆ ಉಟ್ಟು ಹೂ ಮುಡಿದ ಸ್ತ್ರೀಯರು ಒಬ್ಬರನ್ನೊಬ್ಬರು ಅಭಿನಂದಿಸುತ್ತ ನಗುತ್ತಿದ್ದಾರೆ. ಇಷ್ಟೇ ಅದರ ವಾಚ್ಯಾರ್ಥ. ಅದರ ವ್ಯಂಗ್ಯಾರ್ಥವನ್ನು ಜಗತ್ತು ಕೂಡಲೆ ಗ್ರಹಿಸಿತು: ಭಾರತದಲ್ಲಿ ಬಾಹ್ಯಾಕಾಶವಿಜ್ಞಾನದ ಬಾಗಿಲು ಹೆಂಗಸರಿಗೆ ತೆರೆದಿದೆ, ಅದಕ್ಕಾಗಿ ಅವರು ಉಡುಗೆತೊಡುಗೆಯನ್ನಾಗಲಿ ಊರನ್ನಾಗಲಿ ಬಿಟ್ಟುಕೊಡಬೇಕಾಗಿಲ್ಲ. ಇಷ್ಟು ಸಂತೋಷದ ಧ್ವನಿಯುಳ್ಳ ಚಿತ್ರಗಳು ವಿರಳ.

ಆದರೆ ಚಿತ್ರದಲ್ಲಿ ಕಾಣುವವರು ಆಡಳಿತ ಸಿಬ್ಬಂದಿಗೆ ಸೇರಿದವರೆಂದು ಅನಂತರ ಇಸ್ರೋ ಸಂಸ್ಥೆಯೇ ತಿಳಿಸಿತು. ಮಂಗಳಯಾನಕ್ಕಾಗಿ ದುಡಿದ ಅನೇಕ ಮಹಿಳಾ ವಿಜ್ಞಾನಿಗಳು ನಿಯಂತ್ರಣ ಕೊಠಡಿಯಲ್ಲಿ ಇದ್ದರೆಂಬುದನ್ನೂ ಅದು ಜೊತೆಗೇ ಹೇಳಿತು. ಇದನ್ನು ಕೇಳಿ ಕೆಲವರು ಹಾಗಾದರೆ ಚಿತ್ರ ಸುಳ್ಳೆಂದರು. ಮತ್ತೆ ಕೆಲವರು ವಿಜ್ಞಾನಿಗಳೂ ಇದ್ದರಲ್ಲ, ಆದುದರಿಂದ ಚಿತ್ರ ನಿಜವೇ ಎಂದರು. ನಮ್ಮ ದೃಷ್ಟಿಯಲ್ಲಿ ಎರಡೂ ಅವಸರದ ತೀರ್ಪುಗಳು. ಲೆಕ್ಕಪತ್ರ ನೋಡುವವರ ಸಂತೋಷವೂ ಸಂತೋಷವೇ; ಉಡಾವಣೆಯ ಯಶಸ್ಸಿನಲ್ಲಿ ಅವರಿಗೂ ಪಾಲುಂಟು. ದೋಷವಿದ್ದರೆ ಅದು ಚಿತ್ರದಲ್ಲಿಲ್ಲ, ನಮ್ಮ ಓದಿನಲ್ಲಿದೆ. ಒಂದು ಕ್ಷಣದ ನಗುವಿನಿಂದ ಒಂದು ಸಮಾಜದ ನಡೆಯನ್ನೇ ಸಾಧಿಸಹೊರಟೆವು.

ನಮ್ಮ ಪ್ರಾಚೀನ ಆಲಂಕಾರಿಕರಲ್ಲಿ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದನು. ಯಾವುದು ಯಾವುದಕ್ಕೆ ತಕ್ಕುದೋ ಅದರೊಡನೆ ಅದು ಸೇರುವುದೇ ಔಚಿತ್ಯ. ಈ ಮಾತನ್ನು ಇಲ್ಲಿ ಅನ್ವಯಿಸಿದರೆ ಹೀಗಾಗುತ್ತದೆ: ಒಂದು ಚಿತ್ರ ಯಾವ ಪ್ರಶ್ನೆಗೆ ಉತ್ತರವಾಗಬಲ್ಲುದೋ ಆ ಪ್ರಶ್ನೆಗೆ ಮಾತ್ರ ಅದನ್ನು ಸಾಕ್ಷಿಯಾಗಿ ಕರೆಯಬೇಕು. ಪೀಣ್ಯದ ಚಿತ್ರವು 'ಯಾರು ಬಂದು ಸೇರಿದ್ದಾರೆ?' ಎಂಬುದಕ್ಕೆ ಸ್ವಲ್ಪಮಟ್ಟಿಗೆ ಉತ್ತರ ಹೇಳುತ್ತದೆ. 'ಹೇಗೆ ಬಂದರು? ಯಾರು ನಡುದಾರಿಯಲ್ಲೇ ನಿಂತರು?' ಎಂಬ ಪ್ರಶ್ನೆಗಳಿಗೆ ಅದು ಮೂಕ. ಅದರಲ್ಲಿ ಜಾತಿ ಕಾಣುವುದಿಲ್ಲ, ಹಳ್ಳಿ ಕಾಣುವುದಿಲ್ಲ, ಓದಿದ ಶಾಲೆಯ ಭಾಷೆ ಕಾಣುವುದಿಲ್ಲ. ಅಂಕಿಗಳಾದರೂ ಇದಕ್ಕಿಂತ ಹೆಚ್ಚು ಮಾತಾಡುತ್ತವೆಯೆ? ಇಸ್ರೋದ ಸುಮಾರು 16,000 ನೌಕರರಲ್ಲಿ ಸ್ತ್ರೀಯರು ಶೇಕಡ 20ರಿಂದ 25ರಷ್ಟು ಎಂದು 2016ರಲ್ಲಿ ವರದಿಯಾಗಿತ್ತು. ಈ ಅಂಕಿಯೂ ಚಿತ್ರದಂತೆಯೇ ಗುಮಾಸ್ತೆಯನ್ನೂ ಇಂಜಿನಿಯರನ್ನೂ ಒಂದೇ ಚೌಕಟ್ಟಿನೊಳಗೆ ನಿಲ್ಲಿಸುತ್ತದೆ.

ಹಾಗಾದರೆ ದಾರಿಯನ್ನು ತೋರಿಸುವ ಬರಹ ನಮ್ಮಲ್ಲಿ ಇಲ್ಲವೆ? ಇದೆ. ಶ್ರೀಮತಿ ರಾಜೇಶ್ವರಿ ಚಟರ್ಜಿಯವರು ಇಂಗ್ಲಿಷಿನಲ್ಲಿ ಬರೆದ 'ಎ ಥೌಸಂಡ್ ಸ್ಟ್ರೀಮ್ಸ್' ಎಂಬ ಆತ್ಮವೃತ್ತಾಂತವನ್ನು ಈ ದೃಷ್ಟಿಯಿಂದ ನೋಡಬಹುದು. 1922ರಲ್ಲಿ ಹುಟ್ಟಿದ ಇವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, 1943ರಲ್ಲಿ ಯಶವಂತಪುರದ ಮಗ್ಗುಲಿನ ಟಾಟಾ ಇನ್‌ಸ್ಟಿಟ್ಯೂಟನ್ನು, ಎಂದರೆ ಮೇಲೆ ಹೇಳಿದ ವಿಜ್ಞಾನ ಸಂಸ್ಥೆಯನ್ನು, ಸೇರಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಅಧ್ಯಾಪಕರಾಗಿ ಅಲ್ಲಿಗೇ ಹಿಂದಿರುಗಿದರು. ವಿಮಾನಗಳಿಗೂ ಬಾಹ್ಯಾಕಾಶನೌಕೆಗಳಿಗೂ ಬೇಕಾದ ಆಂಟೆನಾಗಳ ವಿಷಯದಲ್ಲಿ ಅವರು ಮಾಡಿದ ಕೆಲಸ ಪ್ರಸಿದ್ಧವಾದುದು. ಇಲ್ಲಿ ನಾವು ಗಮನಿಸಬೇಕಾದ ಅಂಶ ಮತ್ತೊಂದಿದೆ. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಸ್ತ್ರೀ ಪದವೀಧರೆಯರಲ್ಲಿ ಒಬ್ಬರು. ಅಜ್ಜಿ ಓದಿದ ಮನೆಯಲ್ಲಿ ಮೊಮ್ಮಗಳು ಇಂಜಿನಿಯರಾದಳು. ಮೊಮ್ಮಗಳ ಸ್ವಂತ ಪ್ರತಿಭೆಯನ್ನು ಇದು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಆ ಪ್ರತಿಭೆ ಕಾಲೂರಿದ ಮೆಟ್ಟಿಲು ಯಾವುದೆಂಬುದನ್ನು ಮಾತ್ರ ತಿಳಿಸುತ್ತದೆ. ಅಂತಹ ಅಜ್ಜಿಯಿಲ್ಲದ ಹುಡುಗಿಗೆ ಆ ಮೆಟ್ಟಿಲನ್ನು ಕಟ್ಟಿಕೊಡುವವರಾರು? ಈ ವಿಷಯದ ಸಕಲ ಚರ್ಚೆಯೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಕಟ್ಟಿಕೊಡುತ್ತೇವೆಂದು ಮುಂದೆ ಬಂದವರು ಇಲ್ಲದಿಲ್ಲ. ಪೀಣ್ಯದಿಂದ ಈಶಾನ್ಯಕ್ಕೆ, ಹೆಬ್ಬಾಳ ಯಲಹಂಕಗಳನ್ನು ದಾಟಿದರೆ, ದೇವನಹಳ್ಳಿ ಸೀಮೆ ಸಿಗುತ್ತದೆ. ಅಲ್ಲಿ 43 ಎಕರೆಯಲ್ಲಿ 1,600 ಕೋಟಿ ರೂಪಾಯಿ ವೆಚ್ಚದಿಂದ ಬೋಯಿಂಗ್ ಕಂಪೆನಿ ಕಟ್ಟಿದ ಆವರಣದ ಉದ್ಘಾಟನೆ 2024ರ ಜನವರಿ 19ರಂದು ನಡೆಯಿತು. ಅಂದೇ 'ಸುಕನ್ಯಾ' ಎಂಬ ಯೋಜನೆಯೂ ಪ್ರಾರಂಭವಾಯಿತು. ದೇಶದ 150 ಕಡೆಗಳಲ್ಲಿ ಹೆಣ್ಣುಮಕ್ಕಳಿಗಾಗಿ ವಿಜ್ಞಾನ ಮತ್ತು ತಂತ್ರವಿದ್ಯೆಯ ಪ್ರಯೋಗಶಾಲೆಗಳನ್ನು ಸ್ಥಾಪಿಸುವುದು, ವಿಮಾನಚಾಲನೆ ಕಲಿಯುವ ಸ್ತ್ರೀಯರಿಗೆ ವಿದ್ಯಾರ್ಥಿವೇತನ ಕೊಡುವುದು ಅದರ ಉದ್ದೇಶ. ಉದ್ದೇಶ ಶ್ಲಾಘ್ಯವಾದುದು, ಚಿತ್ರಕ್ಕಿಂತ ಪ್ರಯೋಗಶಾಲೆ ಒಂದು ಹೆಜ್ಜೆ ಮುಂದೆಯೇ ಸರಿ.

ಆದರೆ ಹೆಸರನ್ನು ಕೇಳಿದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ಭಾರತದ ವನಪರ್ವದ ಕಥೆ ನೆನಪಾಗದೆ ಇರದು. ಶರ್ಯಾತಿರಾಜನ ಮಗಳಾದ ಸುಕನ್ಯೆ ಕಾಡಿನಲ್ಲಿ ಒಂದು ಹುತ್ತವನ್ನು ಕಂಡಳು. ಅದರೊಳಗೆ ಎರಡು ಬೆಳಕಿನ ಚುಕ್ಕಿಗಳು ಹೊಳೆಯುತ್ತಿದ್ದವು. ಇದೇನಿರಬಹುದೆಂಬ ಕುತೂಹಲದಿಂದ ಅವಳು ಮುಳ್ಳಿನಿಂದ ಚುಚ್ಚಿದಳು. ಅವು ತಪಸ್ಸಿಗೆ ಕುಳಿತಿದ್ದ ಚ್ಯವನಋಷಿಯ ಕಣ್ಣುಗಳು. ಪ್ರಾಯಶ್ಚಿತ್ತವಾಗಿ ಆ ಮುದಿ ಋಷಿಗೇ ಅವಳನ್ನು ಮದುವೆ ಮಾಡಿಕೊಟ್ಟರು. ಪುರಾಣವು ಅವಳನ್ನು ಕೊಂಡಾಡುವುದು ಚುಚ್ಚಿ ನೋಡಿದ ಕುತೂಹಲಕ್ಕಾಗಿ ಅಲ್ಲ, ಅನಂತರದ ಪಾತಿವ್ರತ್ಯಕ್ಕಾಗಿ. ಹೆಸರಿಟ್ಟವರ ಮನಸ್ಸಿನಲ್ಲಿ ಈ ಕಥೆ ಇದ್ದಿರಲಾರದು. 'ಒಳ್ಳೆಯ ಹುಡುಗಿ' ಎಂಬ ಸಾಮಾನ್ಯಾರ್ಥವಷ್ಟೇ ಇದ್ದಿರಬೇಕು. ಆದರೂ ಒಂದು ಔಚಿತ್ಯದ ಮಾತು ಉಳಿಯುತ್ತದೆ. ಪ್ರಯೋಗಶಾಲೆಗೆ ಬೇಕಾದವಳು ಹುತ್ತವನ್ನು ಕಂಡು ಕೈಚಾಚಿದ ಸುಕನ್ಯೆಯೇ ಹೊರತು, ಹೇಳಿದಂತೆ ಕೇಳಿದ ಸುಕನ್ಯೆಯಲ್ಲ. ನಮ್ಮ ಮನೆಗಳೂ ಶಾಲೆಗಳೂ ಇಂದಿಗೂ ಎರಡನೆಯವಳಿಗೇ ಬಹುಮಾನ ಕೊಡುತ್ತವೆ. ಹೊಸ ಉಪಕರಣಗಳನ್ನು ತಂದಿಟ್ಟ ಮಾತ್ರಕ್ಕೆ ಈ ಹಳೆಯ ರೂಢಿ ಬದಲಾಗದು.

ದೇವನಹಳ್ಳಿ ಸೀಮೆಯನ್ನು ಕುರಿತು ಹೇಳುವಾಗ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ವೈಮಾನಿಕ ಉದ್ಯಮಗಳಿಗಾಗಿ ವಶಪಡಿಸಿಕೊಳ್ಳುವ ಯತ್ನ ನಡೆದು, ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಆ ವಿವಾದದ ನ್ಯಾಯಾನ್ಯಾಯಗಳು ಈ ಲೇಖನದ ವ್ಯಾಪ್ತಿಗೆ ಸೇರಿದವಲ್ಲ. ನಮಗೆ ಬೇಕಾದುದು ಇಷ್ಟೆ: ವಿಮಾನೋದ್ಯಮದ ಭಾಷೆಯಲ್ಲಿ ಈ ಹಳ್ಳಿಗಳು ಯಾವ ಪದವಾಗಿ ಬರುತ್ತವೆ? ಸರ್ವೆ ನಂಬರಾಗಿಯೊ, ಅಭ್ಯರ್ಥಿಗಳಾಗಿಯೊ? ಆ ಊರಿನ ರೈತನ ಮಗಳು ತಲೆಯೆತ್ತಿದರೆ ದಿನವೂ ವಿಮಾನವನ್ನು ಕಾಣುತ್ತಾಳೆ. ಅವಳಿಗೂ ಅದಕ್ಕೂ ನಡುವಿನ ದೂರ ಎತ್ತರದ್ದಲ್ಲ. ಹತ್ತನೆಯ ತರಗತಿಗೂ ಇಂಜಿನಿಯರಿಂಗ್ ಕಾಲೇಜಿಗೂ ನಡುವಣದ್ದು.

ಈ ದೂರವನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಕರ್ನಾಟಕದಲ್ಲಿ ಸಿ.ಇ.ಟಿ. ಮೂಲಕ ಸೀಟು ಹಂಚುವಾಗ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲು ಉಂಟು. ಇದು ಬಾಗಿಲಿನ ಬಳಿಯ ನ್ಯಾಯ, ಅದು ಬೇಕು. ಆದರೆ ಬಾಗಿಲನ್ನು ತಲಪುವ ಮೊದಲೇ ಪಿ.ಯು.ಸಿ. ವಿಜ್ಞಾನದ ಎರಡು ವರ್ಷಗಳಿವೆ; ಅಲ್ಲಿಯ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ನಿನ್ನೆಯವರೆಗೆ 'ವೇಗೋತ್ಕರ್ಷ' ಎಂದು ಕಲಿತವಳು ಇಂದು ಅದೇ ವಿಷಯವನ್ನು ಹೊಸ ಹೆಸರಿನಲ್ಲಿ ಕೇಳಿ ತನಗೆ ಏನೂ ತಿಳಿಯದೆಂದುಕೊಳ್ಳುತ್ತಾಳೆ. ತಿಳಿದಿರುವ ವಿಷಯವನ್ನೇ ತಿಳಿಯದೆಂದು ಭಾವಿಸುವ ಈ ಸ್ಥಿತಿ ಅಜ್ಞಾನಕ್ಕಿಂತ ಕ್ರೂರವಾದುದು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ಸ್ವಾಗತಾರ್ಹವಾದ ಕ್ರಮವೇ ಆದರೂ, ಪದವಿಯನ್ನು ಪೂರ್ತಿಯಾಗಿ ಕನ್ನಡದಲ್ಲಿ ಪಡೆದವಳು ಉದ್ಯೋಗದಲ್ಲಿ ಮತ್ತೆ ಇಂಗ್ಲಿಷನ್ನೇ ಎದುರಿಸಬೇಕು. ಆದುದರಿಂದ ಬೇಕಾದುದು ಒಂದು ಭಾಷೆಯನ್ನು ಬಿಟ್ಟು ಮತ್ತೊಂದನ್ನು ಹಿಡಿಯುವುದಲ್ಲ. ಎರಡರ ನಡುವೆ ನಡೆದಾಡಲು ಒಂದು ಸಂಕ.

ಈ ಸಂದರ್ಭದಲ್ಲಿ ಶ್ರೀಮತಿ ಟಿ. ಕೆ. ಅನುರಾಧಾ ಅವರನ್ನು ನೆನೆಯುವುದು ಉಚಿತ. ಬೆಂಗಳೂರಿನವರೇ ಆದ ಇವರು 1982ರಲ್ಲಿ ಇಸ್ರೋ ಸೇರಿ, 2011ರಲ್ಲಿ ಹಾರಿದ ಜಿಸ್ಯಾಟ್-12 ಉಪಗ್ರಹದ ಯೋಜನಾ ನಿರ್ದೇಶಕರಾದರು. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಇಳಿದಾಗ ಅವರು ಎಳೆಯ ಬಾಲಕಿ. ಮನೆಯಲ್ಲಿ ಟೆಲಿವಿಷನ್ ಇರಲಿಲ್ಲ. ತಂದೆತಾಯಿಗಳೂ ಉಪಾಧ್ಯಾಯರೂ ಹೇಳಿದ್ದನ್ನು ಕೇಳಿ, ಆ ವಿಷಯವಾಗಿ ಕನ್ನಡದಲ್ಲಿ ಒಂದು ಪದ್ಯ ಬರೆದುದಾಗಿ ಅವರೇ ಹೇಳಿದ್ದಾರೆ. ಪೀಣ್ಯದ ಚಿತ್ರಕ್ಕಿಂತ ಈ ಸಂಗತಿ ನಮಗೆ ಹೆಚ್ಚು ಅರ್ಥವತ್ತಾದುದೆನಿಸುತ್ತದೆ. ಅವರ ಮುಂದೆ ಯಾವ ಚಿತ್ರವೂ ಇರಲಿಲ್ಲ, ಮಾತು ಇತ್ತು. ಆ ಮಾತು ಮನೆಯ ಭಾಷೆಯಲ್ಲಿತ್ತು. ಅದನ್ನು ಹೇಳಬಲ್ಲ ಹಿರಿಯರಿದ್ದರು. ಕುತೂಹಲ ಮೊದಲು ಹೊತ್ತಿಕೊಳ್ಳುವುದು ತಾಯಿನುಡಿಯಲ್ಲಿ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಚಿತ್ರಗಳು ವ್ಯರ್ಥವೆಂದು ಇದರಿಂದ ಸಿದ್ಧವಾಗುವುದಿಲ್ಲ. ಸೀರೆಯುಟ್ಟವರನ್ನು ಇಸ್ರೋ ಕೇಂದ್ರದಲ್ಲಿ ಕಂಡ ತಂದೆಯೊಬ್ಬ ಮಗಳ ಓದನ್ನು ಇನ್ನೆರಡು ವರ್ಷ ಮುಂದುವರಿಸಲು ಒಪ್ಪಿದರೆ, ಆ ಚಿತ್ರ ಧನ್ಯವಾದಂತೆಯೆ. ನಾವು ಆಕ್ಷೇಪಿಸುವುದು ಚಿತ್ರವನ್ನಲ್ಲ, ಚಿತ್ರದಿಂದ ತೃಪ್ತರಾಗುವುದನ್ನು. ನೋಡಿ ಹಿಗ್ಗಿದವರು ಕೆಲಸ ಮುಗಿಯಿತೆಂದು ತಿಳಿದರೆ, ಚಿತ್ರವೇ ದಾರಿಗೆ ಅಡ್ಡವಾಗುತ್ತದೆ.

ಇನ್ನು ನಮ್ಮ ಪಾಲಿನ ಕರ್ತವ್ಯವನ್ನು ಕುರಿತು ಒಂದು ಮಾತು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ, 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದರು. ಪಂಪನ ಕಾವ್ಯವನ್ನು ಸಂಪಾದಿಸಿದ ಆ ಕೈಯೇ ಭೌತವಿಜ್ಞಾನವನ್ನೂ ಕನ್ನಡಿಸಿತು. ಆ ಪರಂಪರೆಯ ಉತ್ತರಾಧಿಕಾರಿಗಳೆಂದು ಹೇಳಿಕೊಳ್ಳುವ ಕನ್ನಡ ವಿಭಾಗಗಳು, ಪಿ.ಯು.ಸಿ. ವಿಜ್ಞಾನಕ್ಕೆ ಕಾಲಿಡುವ ವಿದ್ಯಾರ್ಥಿಗಾಗಿ ಒಂದು ಸಣ್ಣ ಕೈಪುಸ್ತಕವನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಗಾಳಿಪಟ ಹಾರಿಸಿದ ಹುಡುಗಿಗೆ ಭಾರ, ಎತ್ತುವ ಬಲ, ಗಾಳಿಯ ತಡೆ, ದಾರದ ಸೆಳೆತ ಇವೆಲ್ಲ ಕೈಯ ಅನುಭವದಿಂದಲೇ ಗೊತ್ತು. ದಾರದ ಸೆಳೆತವಿದ್ದ ಕಡೆ ಯಂತ್ರದ ನೂಕುಬಲವನ್ನಿಟ್ಟರೆ ವಿಮಾನದ ಪಾಠ ಆರಂಭವಾಗುತ್ತದೆ. ಅವಳು ಬಲ್ಲ ಮಾತಿನ ಎದುರಿಗೆ ಕಾಲೇಜಿನ ಮಾತನ್ನಿಟ್ಟು, ಎರಡೂ ಒಂದೇ ಎಂದು ತೋರಿಸುವುದು ಆ ಕೈಪುಸ್ತಕದ ಕೆಲಸ. ಇದಕ್ಕೆ ಭೌತವಿಜ್ಞಾನದವರೂ ಭಾಷೆಯವರೂ ಜೊತೆಗೆ ಕುಳಿತುಕೊಳ್ಳಬೇಕು. ಉದ್ಘಾಟನೆಗೆ ಒದಗುವ ಚಿತ್ರ ಅದರಿಂದ ದೊರೆಯಲಾರದು, ಮೆಟ್ಟಿಲೊಂದು ದೊರೆತೀತು. ಅಜ್ಜಿ ಓದದ ಮನೆಯಿಂದ ಬಂದವಳು ಅದರ ಮೇಲೆ ಕಾಲಿಟ್ಟು ಮುಂದೆ ಹೋದರೆ ಅದೇ ಸಾಕು.